ಕೋಟೆಯ ಮಣ್ಣು, ಬೆಳ್ಳಿಯ ರೀಲು, ಗೋಡೆಯ ಪೋಸ್ಟರ್

ಹಳೆಯ ಕಪ್ಪು-ಬಿಳುಪು ಸಿನಿಮಾದಲ್ಲಿ ನಾಯಕಿಯ ಜಡೆ ಅಷ್ಟು ಕಪ್ಪಗೆ ಕಾಣುತ್ತದಲ್ಲ, ಆ ಕಪ್ಪು ಎಲ್ಲಿಂದ ಬಂತು ಗೊತ್ತೇ? ಬೆಳ್ಳಿಯಿಂದ! ಬಣ್ಣವಲ್ಲ, ಮಸಿಯಲ್ಲ, ಸಾಕ್ಷಾತ್ ಬೆಳ್ಳಿ! ಫಿಲ್ಮಿಗೆ ಬಳಿದ ಬೆಳ್ಳಿಯ ಲವಣದ ಮೇಲೆ ಬೆಳಕು ಬಿದ್ದು, ಆಮೇಲೆ ಅದನ್ನು ಡೆವಲಪರ್ ದ್ರಾವಣದಲ್ಲಿ ಅದ್ದಿದಾಗ ಅತಿ ಸೂಕ್ಷ್ಮವಾದ ಬೆಳ್ಳಿಯ ಕಣಗಳು ಮೂಡಿ ನಿಲ್ಲುತ್ತವೆ. ಆ ಕಣಗಳು ಎಷ್ಟು ಸಣ್ಣವೆಂದರೆ ಹೊಳೆಯುವುದನ್ನೇ ಮರೆತು, ಬಿದ್ದ ಬೆಳಕನ್ನೆಲ್ಲ ನುಂಗಿ ಕಪ್ಪಾಗಿ ಕೂರುತ್ತವೆ. ಹಾಗಾದರೆ ಪರದೆಯ ಮೇಲೆ ಬೆಳಗುವ ಚಂದ್ರ, ಮಲ್ಲಿಗೆ, ನಾಯಕನ ಹಲ್ಲು? ಅಲ್ಲಿ ಬೆಳ್ಳಿಯ ಸುಳಿವೇ ಇಲ್ಲ! ಎಲ್ಲಿ ಬೆಳ್ಳಿ ಇದೆಯೋ ಅಲ್ಲಿ ಕತ್ತಲೆ, ಎಲ್ಲಿ ಇಲ್ಲವೋ ಅಲ್ಲಿ ಬೆಳಕು.

ಇದನ್ನು ತಲೆಯಲ್ಲಿಟ್ಟುಕೊಂಡು ಬೀದರಿನ ಚೌಬಾರಾ ಗೋಪುರದ ಸುತ್ತಮುತ್ತಲಿನ ಯಾವುದಾದರೊಂದು ಬಿದ್ರಿ ಕರಕುಶಲದ ಅಂಗಡಿಯ ಮುಂದೆ ನಿಂತುಕೊಳ್ಳಿ. ಮೈ ಜುಂ ಅನ್ನದಿದ್ದರೆ ಹೇಳಿ! ಸತುವಿಗೆ ಒಂದಿಷ್ಟು ತಾಮ್ರ, ಹದಿನಾರು ಪಾಲಿಗೆ ಒಂದು ಪಾಲಿನಂತೆ ಬೆರೆಸಿ ಎರಕ ಹೊಯ್ಯುತ್ತಾರೆ. ಮೈಲುತುತ್ತದ ನೀರು ಸವರಿ, ಸಣ್ಣ ಉಳಿಯಿಂದ ಹೂಬಳ್ಳಿ ಕೊರೆದು, ಆ ಗೀರಿನೊಳಗೆ ಬೆಳ್ಳಿಯ ತಂತಿಯನ್ನು ಬಡಿಬಡಿದು ಕೂರಿಸುತ್ತಾರೆ. ಕೊನೆಗೆ ಬರುವುದು ಜಾದೂ. ಬೀದರ್ ಕೋಟೆಯೊಳಗಿನ ಹಳೆಯ ಮಣ್ಣು ತಂದು, ನವಸಾಗರ ಬೆರೆಸಿ, ಬೆಚ್ಚಗಿನ ಪಾತ್ರೆಗೆ ಹಚ್ಚುತ್ತಾರೆ. ನೋಡನೋಡುತ್ತ ಪಾತ್ರೆಯ ಮೈಯೆಲ್ಲ ಕಾರ್ಗಪ್ಪು! ಬೆಳ್ಳಿ ಮಾತ್ರ ಬೆಳ್ಳಿಯಾಗಿಯೇ ಉಳಿಯುತ್ತದೆ. ಸಿನಿಮಾ ಬೆಳ್ಳಿಯನ್ನೇ ಕಪ್ಪು ಮಾಡಿತು. ಬಿದ್ರಿ ಬೆಳ್ಳಿಯನ್ನು ಬಿಟ್ಟು ಉಳಿದದ್ದನ್ನೆಲ್ಲ ಕಪ್ಪು ಮಾಡಿತು. ಒಂದೇ ಲೋಹ, ಒಂದೇ ಕಪ್ಪು-ಬಿಳುಪು, ಪಾತ್ರ ಮಾತ್ರ ಅದಲುಬದಲು!

ಇಷ್ಟಕ್ಕೇ ಮುಗಿಯಲಿಲ್ಲ. ಆ ಕೋಟೆಯ ಮಣ್ಣಿನ ಗುಣಕ್ಕೆ ಅದರಲ್ಲಿರುವ ನೈಟ್ರೇಟ್ ಕಾರಣ ಎಂದು ಬಲ್ಲವರು ಹೇಳುತ್ತಾರೆ. ಹಳೆಯ ಸಿನಿಮಾ ರೀಲಿನ ಪಟ್ಟಿ ಯಾವುದರಿಂದ ಆಗಿತ್ತು? ಸೆಲ್ಯುಲೋಸ್ ನೈಟ್ರೇಟಿನಿಂದ. ಬೆಳ್ಳಿಯ ಲವಣ ಮಾಡಲು ಬೇಕಾದದ್ದು? ಸಿಲ್ವರ್ ನೈಟ್ರೇಟ್. ಬೀದರಿನ ಕುಶಲಿಗರು ಶತಮಾನಗಳಿಂದ ಕೈಯಲ್ಲಿ ಹಿಡಿದು ಆಡಿಸುತ್ತಿದ್ದ ಬೆಳ್ಳಿ-ನೈಟ್ರೇಟುಗಳ ಜೋಡಿಯೇ ಜಗತ್ತಿನ ಸಿನಿಮಾವನ್ನೂ ಹೊತ್ತು ತಿರುಗಿತು. 2006ರಲ್ಲಿ ಬಿದ್ರಿಗೆ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿತು. 2023ರಲ್ಲಿ ಬೀದರಿನ ಶಾ ರಶೀದ್ ಅಹ್ಮದ್ ಕಾದ್ರಿಯವರಿಗೆ ಇದೇ ಕಲೆಗಾಗಿ ಪದ್ಮಶ್ರೀ ಬಂತು. ಬಿದ್ರಿಯ ಬೆಳ್ಳಿ ಉಳಿಯಿತು.

ಸಿನಿಮಾದ ಬೆಳ್ಳಿ? ಅದು ಕರಗಿತು. ಕರಗಿ, ಸಿನಿಮಾವನ್ನೂ ಕರೆದುಕೊಂಡು ಹೋಯಿತು.

ರೀಲು ಹೋಯಿತು, ಕಾಗದ ಉಳಿಯಿತು

ಭಾರತದ ಮೊದಲ ಮಾತಿನ ಚಿತ್ರ 'ಆಲಂ ಆರಾ' ಮುಂಬೈಯ ಮೆಜೆಸ್ಟಿಕ್ ಚಿತ್ರಮಂದಿರದಲ್ಲಿ 1931ರ ಮಾರ್ಚ್ 14ರಂದು ತೆರೆಕಂಡಿತು. ಇಂದು ಅದರ ಒಂದು ಅಡಿ ರೀಲೂ ನಮ್ಮಲ್ಲಿಲ್ಲ. 1964ರಲ್ಲಿ ಪುಣೆಯಲ್ಲಿ ಶುರುವಾದ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯವನ್ನು ಕಟ್ಟಿ ಬೆಳೆಸಿದ ಪಿ.ಕೆ. ನಾಯರ್ ಆ ರೀಲುಗಳನ್ನು ಹುಡುಕಿಕೊಂಡು ನಿರ್ದೇಶಕ ಅರ್ದೇಶಿರ್ ಇರಾನಿಯವರ ಮನೆಯವರೆಗೂ ಹೋಗಿದ್ದರು. ಬೆಳ್ಳಿ ತೆಗೆದುಕೊಂಡು ರೀಲುಗಳನ್ನು ವಿಲೇವಾರಿ ಮಾಡಿಯಾಗಿದೆ ಎಂಬ ಉತ್ತರ ಸಿಕ್ಕಿತಂತೆ! ಆ ಕಾಲದಲ್ಲಿ ಓಡಿ ಮುಗಿದ ಚಿತ್ರದ ಕಥೆಗಿಂತ ಅದರ ಮೈಮೇಲಿನ ಬೆಳ್ಳಿಗೇ ಬೆಲೆ ಹೆಚ್ಚು. ರೀಲನ್ನು ತೊಳೆದರೆ ಕಾಸು, ಇಟ್ಟುಕೊಂಡರೆ ಬೆಂಕಿಯ ಭಯ. ನೈಟ್ರೇಟ್ ರೀಲು ಒಮ್ಮೆ ಹೊತ್ತಿಕೊಂಡರೆ ನೀರಿಗೂ ಆರುವುದಿಲ್ಲ. 2003ರ ಜನವರಿಯಲ್ಲಿ ಪುಣೆಯ ನೈಟ್ರೇಟ್ ಉಗ್ರಾಣಕ್ಕೆ ಬೆಂಕಿ ಬಿದ್ದು ನೂರಾರು ಹಳೆಯ ಚಿತ್ರಗಳು ಬೂದಿಯಾದವು. ನಮ್ಮ ದೇಶದಲ್ಲಿ ತಯಾರಾದ ಸುಮಾರು 1,300 ಮೂಕಿ ಚಿತ್ರಗಳಲ್ಲಿ ಉಳಿದಿರುವುದು ಬೆರಳೆಣಿಕೆಯಷ್ಟು, ಅವೂ ಬಹಳಷ್ಟು ತುಂಡುತುಂಡಾಗಿ.

ಮತ್ತೆ ಈ ಸತ್ತುಹೋದ ಸಿನಿಮಾಗಳು ಹೇಗಿದ್ದವು ಅಂತ ನಮಗೆ ಹೇಳುವವರು ಯಾರು? ಪೋಸ್ಟರ್! ಹಾಡಿನ ಪುಸ್ತಕ! ಪತ್ರಿಕೆಯ ಜಾಹೀರಾತು! ಮಳೆಗೆ ನೆನೆದು ಹರಿದುಹೋಗಲೆಂದೇ ಗೋಡೆಗೆ ಅಂಟಿಸಿದ ಕಾಗದ, ಕಬ್ಬಿಣದ ಡಬ್ಬಿಯಲ್ಲಿ ಭದ್ರವಾಗಿಟ್ಟ ರೀಲಿಗಿಂತ ಹೆಚ್ಚು ಬಾಳಿತು. ಇದಕ್ಕಿಂತ ಸೋಜಿಗ ಬೇಕೇ?

ಕಲ್ಲಿನಿಂದ ಎದ್ದ ಪೋಸ್ಟರ್

ಪೋಸ್ಟರಿನ ಬೇರು ಹುಡುಕುತ್ತ ಹೋದರೆ ಸಿಗುವುದು ಒಂದು ಕಲ್ಲು. 1796ರಲ್ಲಿ ಬವೇರಿಯಾದ ಅಲೋಯಿಸ್ ಸೆನೆಫೆಲ್ಡರ್ ಎಂಬ ನಾಟಕಕಾರ, ತನ್ನ ನಾಟಕಗಳನ್ನು ಅಗ್ಗವಾಗಿ ಅಚ್ಚು ಹಾಕಿಸುವ ದಾರಿ ಹುಡುಕುತ್ತ ನುಣುಪಾದ ಸುಣ್ಣಕಲ್ಲಿನ ಮೇಲೆ ಜಿಡ್ಡಿನ ಮಸಿಯಿಂದ ಬರೆದ. ಎಣ್ಣೆಗೂ ನೀರಿಗೂ ಆಗಿಬರುವುದಿಲ್ಲವಲ್ಲ, ಅದೇ ಅವನ ಬಂಡವಾಳ. ಒದ್ದೆ ಕಲ್ಲು ಮಸಿಯನ್ನು ದೂರ ತಳ್ಳುತ್ತದೆ, ಜಿಡ್ಡಿನ ಗೆರೆ ಬಾಚಿ ತಬ್ಬಿಕೊಳ್ಳುತ್ತದೆ, ಕಾಗದ ಒತ್ತಿದರೆ ಚಿತ್ರ! ಇದೇ ಕಲ್ಲಚ್ಚು, ಲಿಥೋಗ್ರಫಿ. ಪ್ಯಾರಿಸ್ಸಿನಲ್ಲಿ ಜೂಲ್ ಶೆರೆ ಇದರಲ್ಲಿ ಬಣ್ಣದ ಮೇಲೆ ಬಣ್ಣ ಹಚ್ಚಿ ಬೀದಿಗೋಡೆಗಳನ್ನು ಚಿತ್ರಶಾಲೆ ಮಾಡಿದ. ಲೂಮಿಯೇರ್ ಸಹೋದರರು 1895ರ ಡಿಸೆಂಬರ್ 28ರಂದು ಪ್ಯಾರಿಸ್ಸಿನ ಗ್ರ್ಯಾಂಡ್ ಕೆಫೆಯಲ್ಲಿ ಟಿಕೆಟ್ಟಿಟ್ಟು ಸಿನಿಮಾ ತೋರಿಸಿದರಷ್ಟೇ, ಮರುವರ್ಷ ಮಾರ್ಸೆಲಿನ್ ಓಜೋಲ್ ಬರೆದ ಪೋಸ್ಟರ್ ಬಂದೇ ಬಂತು. ಒಂದು ನಿರ್ದಿಷ್ಟ ಚಿತ್ರಕ್ಕಾಗಿ ಮಾಡಿದ ಜಗತ್ತಿನ ಮೊದಲ ಪೋಸ್ಟರ್ ಅದೇ ಎನ್ನುತ್ತಾರೆ. ಅದರಲ್ಲಿ ಏನಿದೆ ಗೊತ್ತೇ? ತೋಟದವನ ಮುಖಕ್ಕೆ ನೀರು ಚಿಮ್ಮುವ ಪರದೆ ಒಂದು ಕಡೆಗೆ, ಅದನ್ನು ನೋಡಿ ಹೊಟ್ಟೆ ಹಿಡಿದು ನಗುವ ಪ್ರೇಕ್ಷಕರು ಎದುರಿಗೆ! ಮೊದಲ ಸಿನಿಮಾ ಪೋಸ್ಟರಿನಲ್ಲಿ ಜಾಗ ಹಿಡಿದವರು ನಾವು-ನೀವು, ಟಿಕೆಟ್ ಕೊಂಡವರು!

ಈಗ ಬೀದರಿಗೆ ಬನ್ನಿ. ಪ್ಯಾರಿಸ್ಸಿನ ಪೋಸ್ಟರಿಗೂ ನಿಜಾಮನ ರಾಜ್ಯಕ್ಕೂ ಏನು ಸಂಬಂಧ? ಇದೇ ಕಲ್ಲು! ಉರ್ದುವಿನ ನಸ್ತಾಲೀಕ್ ಅಕ್ಷರ ಒಂದರ ಹೆಗಲ ಮೇಲೊಂದು ಇಳಿಜಾರಾಗಿ ಕೂರುವಂಥದ್ದು. ಸೀಸದ ಮೊಳೆಗಳಲ್ಲಿ ಅದನ್ನು ಜೋಡಿಸುವುದು ಮಹಾ ಕಷ್ಟ. ಅದಕ್ಕೇ ಕಾತಿಬ್ ಎಂಬ ಬರಹಗಾರ ತನ್ನ ಕೈಯಾರೆ ಪುಟ ಬರೆದು, ಆ ಬರಹವನ್ನು ಕಲ್ಲಿಗಿಳಿಸಿ ಅಚ್ಚು ಹಾಕುವುದು ದೇಶದುದ್ದಕ್ಕೂ ಉರ್ದು ಮುದ್ರಣದ ರೂಢಿಯಾಯಿತು. ಬೀದರ್, ಭಾಲ್ಕಿ, ಔರಾದ್ ಸೇರಿದ್ದ ನಿಜಾಮನ ಹೈದರಾಬಾದ್ ಸಂಸ್ಥಾನದ ಆಡಳಿತ ಭಾಷೆ ಉರ್ದು. ಶೆರೆಯ ಪೋಸ್ಟರುಗಳಲ್ಲಿ ಕುಣಿಯುವ ಸುಂದರಿಯರೂ ನಮ್ಮ ಕಡೆಯ ಅಜ್ಜಂದಿರ ಉರ್ದು ಪಾಠಗಳೂ ಒಂದೇ ತಂತ್ರದ ಮಕ್ಕಳು!

ಇನ್ನೂ ಒಂದು ಹೆಜ್ಜೆ ಮುಂದಿಡಿ. ಭಾರತೀಯ ಸಿನಿಮಾದ ಜನಕ ದಾದಾಸಾಹೇಬ್ ಫಾಲ್ಕೆ ಕ್ಯಾಮರಾ ಹಿಡಿಯುವ ಮೊದಲು ಏನು ಮಾಡುತ್ತಿದ್ದರು? ಕಲ್ಲಚ್ಚಿನ ಕೆಲಸ! ರಾಜಾ ರವಿವರ್ಮನ ದೇವರ ಪಟಗಳನ್ನು ಮನೆಮನೆಯ ಗೋಡೆಗೆ ತಲುಪಿಸಿದ ಮುದ್ರಣಾಲಯಕ್ಕಾಗಿ ಅವರು ದುಡಿದಿದ್ದರು, ತಮ್ಮದೇ ಅಚ್ಚುಕೂಟಕ್ಕೆ ಯಂತ್ರ ತರಲು 1909ರಲ್ಲಿ ಜರ್ಮನಿಗೂ ಹೋಗಿಬಂದಿದ್ದರು. 1913ರ ಮೇ 3ರಂದು ಮುಂಬೈಯ ಕೊರೋನೇಷನ್ನಿನಲ್ಲಿ 'ರಾಜಾ ಹರಿಶ್ಚಂದ್ರ' ತೆರೆಕಂಡಾಗ ಪರದೆಯ ಮೇಲೆ ಓಡಾಡಿದ ದೇವರು-ರಾಜರೆಲ್ಲ ಜನರಿಗೆ ಆ ಪಟಗಳಿಂದ ಆಗಲೇ ಪರಿಚಿತರು. ಗೋಡೆಯ ಚಿತ್ರ ಮೊದಲು ಬಂತು, ಓಡುವ ಚಿತ್ರ ಅದರ ಬೆನ್ನಿಗೆ!

ಒಂದೇ ಊರಿನ ಎರಡು ಮೊದಲುಗಳು

ಪಶ್ಚಿಮಕ್ಕೆ ತಿರುಗಿ, ಕೊಲ್ಹಾಪುರಕ್ಕೆ. ಬಾಬುರಾವ್ ಪೇಂಟರ್ ಎಂದೇ ಹೆಸರಾದ ಬಾಬುರಾವ್ ಮೇಸ್ತ್ರಿ ಅಲ್ಲಿಯ ನಾಟಕದ ಪರದೆ ಬರೆಯುತ್ತಿದ್ದ ಕಲಾವಿದ. ತಾನೇ ಕ್ಯಾಮರಾ ಕಟ್ಟಿಕೊಂಡು, ಮಹಾರಾಷ್ಟ್ರ ಫಿಲ್ಮ್ ಕಂಪನಿ ಹುಟ್ಟುಹಾಕಿ, 1920ರಲ್ಲಿ 'ಸೈರಂಧ್ರಿ' ತೆಗೆದರು. ಅವರ 1924ರ 'ಕಲ್ಯಾಣ್ ಖಜಿನಾ'ದ ಪೋಸ್ಟರೇ ಇಂದು ಉಳಿದಿರುವ ಅತ್ಯಂತ ಹಳೆಯ ಭಾರತೀಯ ಸಿನಿಮಾ ಪೋಸ್ಟರ್ ಎಂದು ಸಾಮಾನ್ಯವಾಗಿ ಗುರುತಿಸುತ್ತಾರೆ. ಬೀದರಿನವರು ತಟ್ಟನೆ ಕಿವಿ ನಿಮಿರಿಸಬೇಡಿ, ಇದು ನಮ್ಮ ಬಸವಕಲ್ಯಾಣವಲ್ಲ, ಮುಂಬೈ ಹತ್ತಿರದ ಕಲ್ಯಾಣ. ಕಥೆ ಶಿವಾಜಿಯ ಕಾಲದ್ದು.

ಆದರೆ ಅದೇ ಕೊಲ್ಹಾಪುರದ ಇನ್ನೊಂದು ಸ್ಟುಡಿಯೋದ ಬಾಗಿಲು ತೆರೆಯಿರಿ. ಒಳಗೆ ಕನ್ನಡ! ಹೌದು, ಕನ್ನಡದ ಮೊದಲ ಮಾತಿನ ಚಿತ್ರ 'ಸತಿ ಸುಲೋಚನ' ತಯಾರಾದದ್ದು ಕೊಲ್ಹಾಪುರದ ಛತ್ರಪತಿ ಸ್ಟುಡಿಯೋದಲ್ಲಿ! ವೈ.ವಿ. ರಾವ್ ನಿರ್ದೇಶನ, ಚಮನ್‌ಲಾಲ್ ಡುಂಗಾಜಿಯವರ ಬಂಡವಾಳ, ಸುಬ್ಬಯ್ಯ ನಾಯ್ಡು, ಆರ್. ನಾಗೇಂದ್ರರಾಯರು, ತ್ರಿಪುರಾಂಬ ಅವರ ಅಭಿನಯ. ಖರ್ಚು ಸುಮಾರು 40,000 ರೂಪಾಯಿ. 1934ರ ಮಾರ್ಚ್ 3ರಂದು ಬೆಂಗಳೂರಿನಲ್ಲಿ ತೆರೆಕಂಡಿತು. ಭಾರತದ ಉಳಿದಿರುವ ಅತಿ ಹಳೆಯ ಪೋಸ್ಟರ್ ಹುಟ್ಟಿದ ಊರಿನಲ್ಲೇ ಕನ್ನಡ ಸಿನಿಮಾಕ್ಕೆ ಬಾಯಿ ಬಂತು! 'ಕಲ್ಯಾಣ್ ಖಜಿನಾ', 'ಸತಿ ಸುಲೋಚನ' ಎರಡೂ ಚಿತ್ರಗಳ ಪ್ರತಿ ಇಂದು ಎಲ್ಲೂ ಸಿಗುವುದಿಲ್ಲ. ಒಂದಕ್ಕೆ ಪೋಸ್ಟರ್ ಸಾಕ್ಷಿ, ಇನ್ನೊಂದಕ್ಕೆ ಕೆಲವು ಸ್ಥಿರಚಿತ್ರ ಮತ್ತು ಜಾಹೀರಾತು ಸಾಕ್ಷಿ.

ಅಳಿದ ರಾಜ್ಯ, ಅಳಿಯದ ಏರಿಯಾ

ಈಗ ಪೂರ್ವಕ್ಕೆ, ಹೈದರಾಬಾದಿಗೆ. 1922ರ ಹೊತ್ತಿಗೆ ಅಲ್ಲೊಬ್ಬ ಬಂಗಾಳಿ ಬಂದಿಳಿದ: ಧೀರೇಂದ್ರನಾಥ ಗಂಗೂಲಿ, ಎಲ್ಲರ ಬಾಯಲ್ಲಿ ಡಿ.ಜಿ. ಚಿತ್ರ ಬರೆಯುವವ, ವೇಷ ಬದಲಿಸುವುದರಲ್ಲಿ ನಿಸ್ಸೀಮ, ಹಾಸ್ಯಚಿತ್ರಗಳ ಹುಚ್ಚ. ನಿಜಾಮನ ಆಶ್ರಯದಲ್ಲಿ ಲೋಟಸ್ ಫಿಲ್ಮ್ ಕಂಪನಿ ಕಟ್ಟಿ ಸಾಲುಸಾಲಾಗಿ ಚಿತ್ರ ತೆಗೆದ. ಅಂದರೆ ಬೀದರ್ ಯಾವ ರಾಜ್ಯದಲ್ಲಿತ್ತೋ ಆ ರಾಜ್ಯದ ರಾಜಧಾನಿಯಲ್ಲಿ ಮೂಕಿ ಕಾಲದಲ್ಲೇ ಸ್ಟುಡಿಯೋ ಇತ್ತು! 1924ರಲ್ಲಿ 'ರಜಿಯಾ ಬೇಗಂ' ತೋರಿಸಿದ್ದೇ ತಡ, ಎಲ್ಲ ತಲೆಕೆಳಗಾಯಿತು. ಮುಸ್ಲಿಂ ರಾಣಿ ಹಿಂದೂ ಒಬ್ಬನನ್ನು ಪ್ರೀತಿಸುವ ಕಥೆ ಕಂಡು ನಿಜಾಮ ಕೆಂಡಾಮಂಡಲ. ಡಿ.ಜಿ. ರಾಜ್ಯ ಬಿಡಬೇಕೆಂದು ಅಪ್ಪಣೆಯಾಯಿತು, ಕಂಪನಿ ಮುಚ್ಚಿತು. ಅವರು ಕಲ್ಕತ್ತೆಗೆ ಮರಳಿದರು, ಮತ್ತೆ ಚಿತ್ರ ಮಾಡಿದರು, 1975ನೇ ಸಾಲಿನ ಫಾಲ್ಕೆ ಪ್ರಶಸ್ತಿಯನ್ನೂ ಪಡೆದರು. ಆ ಅಪ್ಪಣೆ ಹೊರಡದಿದ್ದರೆ ದಖ್ಖನದ ಸಿನಿಮಾದ ಕಥೆ ಯಾವ ಹಾದಿ ಹಿಡಿಯುತ್ತಿತ್ತೋ!

1948ರ ಸೆಪ್ಟೆಂಬರಿನಲ್ಲಿ ನಿಜಾಮನ ಆಳ್ವಿಕೆ ಮುಗಿಯಿತು. 1956ರ ನವೆಂಬರ್ 1ರಂದು ಬೀದರ್ ಕನ್ನಡ ನಾಡಿಗೆ ಸೇರಿತು. ನಕ್ಷೆಯಲ್ಲಿ ಹೈದರಾಬಾದ್ ಸಂಸ್ಥಾನವೇ ಇಲ್ಲವಾಯಿತು. ಆದರೆ ಸಿನಿಮಾ ಹಂಚಿಕೆದಾರರ ನಕ್ಷೆ? ಅದನ್ನು ಯಾರೂ ತಿದ್ದಲಿಲ್ಲ! ಹಿಂದಿ ಚಿತ್ರಗಳ ವ್ಯಾಪಾರದಲ್ಲಿ 'ನಿಜಾಮ್' ಎಂಬ ಏರಿಯಾ ಹಾಗೇ ಉಳಿಯಿತು. ತೆಲಂಗಾಣದ ಜೊತೆಗೆ ಮರಾಠವಾಡಾ, ಮತ್ತು ನಮ್ಮ ಬೀದರ್-ಕಲಬುರಗಿಯ ಕಡೆ. ರಾಜಕೀಯ ನಕ್ಷೆ ಅಳಿಸಿದ ಗಡಿಯನ್ನು ಸಿನಿಮಾ ಪೆಟ್ಟಿಗೆಗಳು ವರ್ಷಗಟ್ಟಲೆ ಕಾಪಾಡಿಕೊಂಡು ಬಂದವು. ಹೈದರಾಬಾದಿಗೆ ಬೀದರ್ ಸುಮಾರು 140 ಕಿಲೋಮೀಟರ್, ಬೆಂಗಳೂರಿಗೆ ಸುಮಾರು 700. ರೀಲಿನ ಪೆಟ್ಟಿಗೆಗೆ ಹತ್ತಿರದ ದಾರಿ ಯಾವುದೆಂದು ಬೇರೆ ಹೇಳಬೇಕೇ?

ಮಾತಿನ ಸಿನಿಮಾದ ಭಾಷೆಯೂ ಈ ಊರಿಗೆ ಹೊಸದಾಗಿರಲಿಲ್ಲ. ಉರ್ದುವಿನ ಬಳಗದ ದಖ್ಖನಿ ಭಾಷೆಯಲ್ಲಿ ಇಂದು ಸಿಗುವ ಅತಿ ಹಳೆಯ ದೀರ್ಘಕಾವ್ಯ 'ಕದಮ್ ರಾವ್ ಪದಮ್ ರಾವ್'. ಅದನ್ನು ಫಖ್ರುದ್ದೀನ್ ನಿಜಾಮಿ ಬರೆದದ್ದು 15ನೇ ಶತಮಾನದ ಬಹಮನಿ ಬೀದರಿನಲ್ಲಿ! ಐದು ನೂರು ವರ್ಷಗಳ ಬಳಿಕ, 1974ರಲ್ಲಿ, ಶ್ಯಾಮ್ ಬೆನಗಲ್ 'ಅಂಕುರ್' ತೆಗೆದಾಗ ಪಾತ್ರಗಳ ಬಾಯಲ್ಲಿ ಆಡಿಸಿದ್ದು ಅದೇ ದಖ್ಖನಿ. ಚೌಬಾರಾದ ಸಂತೆಮಾತು ಕೊನೆಗೂ ಬೆಳ್ಳಿಪರದೆ ಹತ್ತಿತು!

ಹೊರಗೊಂದು ಲಿಪಿ, ಒಳಗೊಂದು

ಭಾಲ್ಕಿಗೆ ಹೋದರೆ ಗೋಡೆಬರಹದ ಇನ್ನೊಂದು ಮುಖ ಕಾಣುತ್ತದೆ. ನಿಜಾಮನ ಕಾಲದಲ್ಲಿ ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರು ಶಾಲೆಯ ಹೊರಗೆ ಉರ್ದು ಬೋರ್ಡು ಹಾಕಿಸಿ ಒಳಗೆ ಮಕ್ಕಳಿಗೆ ಕನ್ನಡ ಕಲಿಸಿದ ಕಥೆ ಬೀದರ್ ಜಿಲ್ಲೆಯಲ್ಲಿ ಯಾರಿಗೆ ಗೊತ್ತಿಲ್ಲ? ಅವರು ಹುಟ್ಟಿದ್ದು ಇದೇ ಜಿಲ್ಲೆಯ ಕಮಲನಗರದಲ್ಲಿ. ಒಂದು ಬೋರ್ಡು ಆಳುವವರಿಗೆ ಒಂದು ಹೇಳುತ್ತ, ಊರವರಿಗೆ ಇನ್ನೊಂದು ಹೇಳುತ್ತ ನಿಂತಿತ್ತು! ಬೀದಿಯ ಬರಹದಲ್ಲಿ ಎಷ್ಟು ಬಲವಿದೆಯೆಂದು ಈ ನೆಲಕ್ಕೆ ಪೋಸ್ಟರ್ ಬರುವ ಮೊದಲೇ ತಿಳಿದಿತ್ತು.

ಈಗ ಹಳೆಯ ಹಿಂದಿ ಪೋಸ್ಟರೊಂದನ್ನು ಈ ಕಣ್ಣಿಂದ ನೋಡಿ. ಚಿತ್ರದ ಹೆಸರು ಮೂರು ಲಿಪಿಗಳಲ್ಲಿ: ಇಂಗ್ಲಿಷ್, ದೇವನಾಗರಿ, ಉರ್ದು. ದೇಶದ ಎಷ್ಟೋ ಊರುಗಳಲ್ಲಿ ಅದರಲ್ಲೊಂದು ಲಿಪಿ ಬರೀ ಅಲಂಕಾರ. ಬೀದರಿನಲ್ಲಿ ಹಾಗಲ್ಲ! ನಿಜಾಮನ ಶಾಲೆಯಲ್ಲಿ ಕಲಿತ ಕನ್ನಡದ ಮುತ್ಯಾ ಉರ್ದುವಿನಲ್ಲಿ ಓದುತ್ತಿದ್ದ, ಉದಗೀರ್-ದೇಗಲೂರಿನ ಮಗ್ಗುಲಿಗಿರುವ ಔರಾದಿನ ಮರಾಠಿ ಮನೆಯವರು ದೇವನಾಗರಿಯಲ್ಲಿ ಓದುತ್ತಿದ್ದರು, ಕಾಲೇಜು ಹುಡುಗ ಇಂಗ್ಲಿಷಿನಲ್ಲಿ. ಆ ಪೋಸ್ಟರಿನ ಪಕ್ಕದಲ್ಲೇ ಕನ್ನಡದ್ದೊಂದು, ಗಡಿಯಾಚೆಯಿಂದ ತೆಲುಗಿನದ್ದೊಂದು. 1959ರಲ್ಲಿ ಹೊನ್ನಪ್ಪ ಭಾಗವತರ್ ಬಸವಣ್ಣನಾಗಿ 'ಜಗಜ್ಯೋತಿ ಬಸವೇಶ್ವರ' ಬಂದಾಗ ಪರದೆ ಹೇಳಿದ್ದು ಇದೇ ಜಿಲ್ಲೆಯ ಕಲ್ಯಾಣದ ಕಥೆಯನ್ನು. ಇಷ್ಟು ಲಿಪಿಗಳಿಗೆ ಓದುಗರಿದ್ದ ಒಂದು ಗೋಡೆಯನ್ನು ಜಗತ್ತಿನಲ್ಲಿ ಇನ್ನೆಲ್ಲಿ ಹುಡುಕುತ್ತೀರಿ?

ಬೇರೆಯವರ ಸಿನಿಮಾವನ್ನು ತಮ್ಮ ಕಣ್ಣಿನಿಂದ ಮತ್ತೆ ಬರೆದುಕೊಂಡ ನಾಡುಗಳೇನೋ ಬಹಳ ಇವೆ. ಪೋಲೆಂಡಿನ ಕಲಾವಿದರು ಹಾಲಿವುಡ್ ತಾರೆಯರ ಮುಖಗಳನ್ನೇ ಎತ್ತಿ ಎಸೆದರು: 1963ರಲ್ಲಿ ಹಿಚ್‌ಕಾಕನ 'ವರ್ಟಿಗೋ'ಗೆ ರೋಮನ್ ಚಿಯೆಸ್ಲೆವಿಚ್ ಬರೆದದ್ದು ಒಂದು ತಲೆಬುರುಡೆ! ಕ್ಯೂಬಾದವರು 1959ರ ನಂತರ ರೇಷ್ಮೆಪರದೆಯಲ್ಲಿ ಒಂದೊಂದೇ ಬಣ್ಣ ಒತ್ತಿ ಪೋಸ್ಟರುಗಳ ಸುಗ್ಗಿಯನ್ನೇ ಮಾಡಿದರು. ಘಾನಾದಲ್ಲಿ 1980ರ ದಶಕದಿಂದ ಜನರೇಟರ್, ಟಿವಿ, ವಿಸಿಆರ್ ಹೊತ್ತು ಹಳ್ಳಿಹಳ್ಳಿ ತಿರುಗುತ್ತಿದ್ದ ವಿಡಿಯೋದವರಿಗೆ ಊರ ಕಲಾವಿದರು ಹಿಟ್ಟಿನ ಚೀಲಗಳನ್ನು ಬಿಚ್ಚಿ ಹೊಲಿದು ಪೋಸ್ಟರ್ ಬರೆದುಕೊಟ್ಟರು. ಎಷ್ಟೋ ಸಲ ಸಿನಿಮಾದಲ್ಲಿಲ್ಲದ ಹಾವು, ರಾಕ್ಷಸ, ರಕ್ತವನ್ನೆಲ್ಲ ತಮ್ಮ ಕೈಯಿಂದ ಸೇರಿಸಿದರು! ಇಂದು ಆ ಹಿಟ್ಟಿನ ಚೀಲಗಳು ವಿದೇಶಿ ಗ್ಯಾಲರಿಗಳಲ್ಲಿ ತೂಗುತ್ತಿವೆ. 1927ರ ಜರ್ಮನ್ ಚಿತ್ರ 'ಮೆಟ್ರೊಪೊಲಿಸ್'ನ ಒಂದು ಪೋಸ್ಟರ್ 2005ರಲ್ಲಿ 6,90,000 ಡಾಲರಿಗೆ ಮಾರಾಟವಾಯಿತು. ಗೋಡೆಯಿಂದ ಕಿತ್ತು ಬಿಸಾಡುವ ಕಾಗದಕ್ಕೆ!

ನಮ್ಮಲ್ಲೂ ಇಂಥ ಕೈಗಳಿಗೆ ಬರವಿರಲಿಲ್ಲ. ಪಂಢರಪುರದಲ್ಲಿ ಹುಟ್ಟಿದ ಎಂ.ಎಫ್. ಹುಸೇನ್ ಮುಂಬೈಯಲ್ಲಿ ಹೊಟ್ಟೆ ಹೊರೆದದ್ದು ಸಿನಿಮಾ ಹೋರ್ಡಿಂಗ್ ಬರೆದೇ. ಆಳೆತ್ತರದ ಕಣ್ಣು, ಗಜ ಉದ್ದದ ಮೂಗು, ಬಿದಿರಿನ ಅಟ್ಟಣಿಗೆಯ ಮೇಲೆ ನಿಂತು ಎಳೆದ ಒಂದೇ ಗೀಟು. ಆಮೇಲೆ ಅವರ ಕುದುರೆಗಳು ಓಡಿದ್ದು ಅದೇ ಗೀಟಿನಲ್ಲಿ. ಹುಸೇನ್ ಹೆಸರು ಉಳಿಯಿತು. ಊರೂರಿನ ಟಾಕೀಸಿಗೆ ಬೋರ್ಡು ಬರೆದ, ಬ್ಯಾನರಿಗೆ ಬಣ್ಣ ತುಂಬಿದ, "ಇಂದೇ ನೋಡಿರಿ" ಎಂದು ಕೆಂಪಕ್ಷರ ತಿದ್ದಿದ ಪೇಂಟರುಗಳ ಹೆಸರು?

ಇಲ್ಲಿ ಬೀದರ್ ತನ್ನ ಕೊನೆಯ ಅಚ್ಚರಿಯನ್ನು ಬಿಚ್ಚುತ್ತದೆ. ಊರಾಚೆಯ ಅಷ್ಟೂರಿನಲ್ಲಿ ಬಹಮನಿ ಸುಲ್ತಾನ ಅಹ್ಮದ್ ಶಾಹನ ಗೋರಿಯಿದೆ. ಒಳಗೆ ತಲೆಯೆತ್ತಿ ನೋಡಿ: ಚಿನ್ನದ ಬಣ್ಣ, ನೀಲಿ, ಕೆಂಪು, ಸುತ್ತಿ ಸುಳಿಯುವ ಬಳ್ಳಿ, ಬರಹದ ಮೇಲೆ ಬರಹ. ಸುಮಾರು ಆರು ಶತಮಾನದ ಹಿಂದಿನ ಆ ಗೋಡೆಯ ಕೆಲಸದಲ್ಲಿ ಬಣ್ಣ ಬಳಿದವನ ಹೆಸರೂ ಇದೆ: ಕಜ್ವೀನಿನ ಶುಕ್ರುಲ್ಲಾ! ಇರಾನಿನಿಂದ ಬಂದವನು ಬೀದರಿನ ಗೋಡೆಯ ಮೇಲೆ ತನ್ನ ಹೆಸರು ಬಿಟ್ಟುಹೋದ. ಆದರೆ ಇದೇ ಜಿಲ್ಲೆಯಲ್ಲಿ ನಲವತ್ತು-ಐವತ್ತು ವರ್ಷದ ಹಿಂದೆ ಸಿನಿಮಾ ಗೋಡೆ ಬರೆದವರ ಹೆಸರು ಯಾವ ಪುಸ್ತಕದಲ್ಲಿದೆ?

ಹಾಗಾಗಿ ಹುಡುಕಿ! ಹಳೆಯ ಟ್ರಂಕಿನ ತಳಕ್ಕೆ ಹಾಸಿದ ಕಾಗದ ತಿರುಗಿಸಿ ನೋಡಿ, ಪಠ್ಯಪುಸ್ತಕಕ್ಕೆ ಹಾಕಿದ ರಟ್ಟನ್ನು ಬಿಚ್ಚಿ ನೋಡಿ. ಹಾಡಿನ ಪುಸ್ತಕ ಸಿಕ್ಕರೆ ರದ್ದಿಗೆ ಹಾಕಬೇಡಿ. ಪೋಸ್ಟರಿನ ಮೂಲೆಯಲ್ಲಿ ಮುದ್ರಣಾಲಯದ ಹೆಸರು ಸಣ್ಣಕ್ಷರದಲ್ಲಿರುತ್ತದೆ, ಬರೆದಿಟ್ಟುಕೊಳ್ಳಿ. ಆ ಕಾಗದ ಶಿವಕಾಶಿಯಿಂದ ಬಂತೋ ಹೈದರಾಬಾದಿನಿಂದಲೋ ಮುಂಬೈಯಿಂದಲೋ ಅದೇ ಹೇಳುತ್ತದೆ, ಸಿನಿಮಾ ಯಾವ ದಿಕ್ಕಿನಿಂದ ನಮ್ಮೂರಿಗೆ ನಡೆದು ಬಂತೆಂಬುದೂ ತಿಳಿಯುತ್ತದೆ. ಎಲ್ಲಕ್ಕಿಂತ ಮೊದಲು ಪೇಂಟರ್ ಅಣ್ಣಂದಿರನ್ನು ಕೇಳಿ: ಯಾವ ಚಿತ್ರ, ಯಾವ ಬಣ್ಣ, ದಿನಕ್ಕೆಷ್ಟು ಕೂಲಿ, ಕುಂಚ ಹಿಡಿಯಲು ಕಲಿಸಿದ ಉಸ್ತಾದ್ ಯಾರು? ಶುಕ್ರುಲ್ಲಾನ ಹೆಸರು ತಿಳಿಯಲು ಪಂಡಿತರು ಗೋರಿಯ ಪಾರ್ಸಿ ಬರಹ ಓದಬೇಕಾಯಿತು. ಭಾಲ್ಕಿ-ಔರಾದಿನ ಗೋಡೆ ಬರೆದವರ ಹೆಸರು ತಿಳಿಯಲು ಒಂದು ಕಪ್ ಚಹಾ ಕುಡಿಸಿ ಕೇಳಿದರೆ ಸಾಕು. ಉತ್ತರ ಹೇಳುವವರು ಇನ್ನೂ ಇದ್ದಾರೆ!